ಗುಬ್ಬಿಯೊದ ಸುಣ್ಣಶಿಲೆಯೂ ಅಯಸ್ಕಾಂತದ ಸಾಕ್ಷ್ಯವೂ

ಇಟಲಿ ದೇಶದ ಉಂಬ್ರಿಯಾ ಸೀಮೆಯಲ್ಲಿ ಗುಬ್ಬಿಯೊ ಎಂಬ ಪುರಾತನ ಪಟ್ಟಣವುಂಟು. ಅದರ ಬೆನ್ನಿಗಿರುವ ಬೆಟ್ಟವನ್ನು ಸೀಳಿದ ಬೊತ್ತಾಚೊನೆ ಕಣಿವೆಯಲ್ಲಿ ನಸುಗೆಂಪಾದ ಸುಣ್ಣಶಿಲೆಯ ಪದರಗಳು, ಓಲೆಗರಿಯ ಕಟ್ಟನ್ನು ಓರೆಯಾಗಿ ನಿಲ್ಲಿಸಿದಂತೆ, ಸಾಲಾಗಿ ತೋರುವುವು. ಇಂದು ಬೆಟ್ಟವಾಗಿರುವ ಈ ಕಲ್ಲು ಒಂದಾನೊಂದು ಕಾಲದಲ್ಲಿ ಆಳವಾದ ಕಡಲಿನ ತಳವಾಗಿತ್ತು. ಅತಿ ಸೂಕ್ಷ್ಮ ಜೀವಿಗಳ ಚಿಪ್ಪುಗಳು ಸಾವಿರ ವರ್ಷಕ್ಕೆ ಸುಮಾರು 1 ಸೆಂಟಿಮೀಟರಿನಂತೆ ಅಲ್ಲಿ ಕೂಡಿಬಂದುವು.

ಶುದ್ಧವಾದ ಸುಣ್ಣಶಿಲೆಯನ್ನು ಅಯಸ್ಕಾಂತವು ಸೆಳೆಯದು. ಅತ್ಯಲ್ಪವಾಗಿ ದೂರ ತಳ್ಳುವುದೆಂದೇ ಹೇಳಬೇಕು. ಈ ಕಲ್ಲಿಗೆ ನೆನಪನ್ನು ಕೊಟ್ಟುದು ಅದರೊಳಗಿನ ಕಶ್ಮಲ. ನೆಲದಿಂದ ಬಂದ ಧೂಳಿನಲ್ಲಿಯೂ, ಕೆಲವು ಬ್ಯಾಕ್ಟೀರಿಯಗಳು ತಮ್ಮ ದೇಹದೊಳಗೆ ಕಟ್ಟಿಕೊಳ್ಳುವ ಹರಳುಗಳಲ್ಲಿಯೂ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವಿರುವುದು. ಅದರ ಕಣಗಳು ಕೆಸರಿನಲ್ಲಿ ನೆಲೆಗೊಳ್ಳುವಾಗ ದಿಕ್ಸೂಚಿಯ ಮುಳ್ಳಿನಂತೆ ಭೂಮಿಯ ಕಾಂತಕ್ಷೇತ್ರದ ಕಡೆಗೆ ತಿರುಗಿ, ಕೆಸರು ಕಲ್ಲಾದಾಗ ಹಾಗೆಯೇ ಬಂಧಿತವಾಗುವುವು.

ಆ ಕ್ಷೇತ್ರವು ಸದಾ ಒಂದೇ ಮುಖವಾಗಿರಲಿಲ್ಲವೆಂಬುದಕ್ಕೆ ಫ್ರಾನ್ಸಿನ ಬರ್ನಾರ್ ಬ್ರೂನ್ 1906ರಲ್ಲಿಯೂ, ಜಪಾನಿನ ಮೋತೊನೊರಿ ಮಾತುಯಾಮಾ 1929ರಲ್ಲಿಯೂ ಅಗ್ನಿಪರ್ವತದ ಶಿಲೆಗಳಿಂದ ಪ್ರಮಾಣ ತೋರಿಸಿದ್ದರು. ಅಂಥ ವಿಪರ್ಯಯಗಳ ಗುರುತು ಸಾಗರತಳದಲ್ಲಿ ಪಟ್ಟೆಪಟ್ಟೆಯಾಗಿರುವುದನ್ನು ವೈನ್ ಮತ್ತು ಮ್ಯಾಥ್ಯೂಸ್ ಎಂಬುವರು 1963ರಲ್ಲಿ ವಿವರಿಸಿದರು. ವಿಲಿಯಂ ಲೌರಿ ಮತ್ತು ವಾಲ್ಟರ್ ಆಲ್ವಾರೆಜ್ ಗುಬ್ಬಿಯೊಕ್ಕೆ ಬಂದುದು ಇದನ್ನು ಹುಡುಕಿಕೊಂಡಲ್ಲ. ಇಟಲಿಯ ನೆಲವು ಹಿಂದೆ ತಿರುಗಿದೆಯೆ ಎಂದು ಅಳೆಯುವುದಕ್ಕೆ. ದೊರೆತುದೋ ಬೇರೆ. ಪದರದಿಂದ ಪದರಕ್ಕೆ ಉತ್ತರಮುಖ, ದಕ್ಷಿಣಮುಖ, ಮತ್ತೆ ಉತ್ತರಮುಖ. ಸಾಗರತಳದ ಪಟ್ಟೆಗಳದೇ ಕ್ರಮ! ಇಸಾಬೆಲ್ಲಾ ಪ್ರೆಮೊಲಿ ಸಿಲ್ವಾ ಅವರು ಅದೇ ಪದರಗಳ ಚಿಪ್ಪುಜೀವಿಗಳನ್ನು ಗುರುತಿಸಿದುದರಿಂದ ಪ್ರತಿಯೊಂದು ವಿಪರ್ಯಯಕ್ಕೂ ಕಾಲನಿರ್ಣಯವಾಯಿತು. ಈ ಕಾರ್ಯವೆಲ್ಲ 1977ರಲ್ಲಿ ಪ್ರಕಟವಾಯಿತು.

ದಿಕ್ಕು ಮಾತ್ರವಲ್ಲ, ಕಡಲಿನ ಸ್ಥಿತಿಯೂ ಇಲ್ಲಿ ಬರೆದಿದೆ. ಕಲ್ಲಿನ ಕೆಂಪು ಹೆಮಟೈಟ್ ಖನಿಜದ್ದು. ತಳದ ನೀರಿನಲ್ಲಿ ಆಮ್ಲಜನಕವು ಸಮೃದ್ಧವಾಗಿತ್ತೆಂಬುದಕ್ಕೆ ಅದು ಕುರುಹು. ಅದೇ ಬೆಟ್ಟದಲ್ಲಿ ಕೆಳಗಡೆ ಸುಮಾರು 1 ಮೀಟರ್ ದಪ್ಪದ ಕರಿಯ ಪದರವೊಂದಿದೆ. ಗ್ವೀದೊ ಬೊನಾರೆಲ್ಲಿ 1891ರಲ್ಲಿ ಅದನ್ನು ವರ್ಣಿಸಿದರು. ಸುಮಾರು 9 ಕೋಟಿ 40 ಲಕ್ಷ ವರ್ಷಗಳ ಹಿಂದೆ ಕಡಲತಳವು ಉಸಿರುಗಟ್ಟಿದ ಕಾಲದ್ದು ಅದು. ಅಂಥ ಕೆಸರಿನಲ್ಲಿ ಕಬ್ಬಿಣವು ಗಂಧಕದೊಡನೆ ಸೇರಿ ಕಾಂತಕಣಗಳು ಕರಗಿಹೋಗುವುವು. ಕಲ್ಲು ಅಯಸ್ಕಾಂತಕ್ಕೆ ಎಷ್ಟು ವಶವಾಗುವುದೆಂದು ಅಳೆದರೆ ನೆಲದ ಮಣ್ಣು ಕಡಲಿಗೆ ಎಷ್ಟು ಬಂದಿತೆಂಬುದೂ, ಅದರಿಂದ ಕಡಲು ಇಳಿಯಿತೆ ಏರಿತೆ ಎಂಬುದೂ ಊಹೆಗೆ ಬರುವುದು.

ಆದರೆ ಈ ಸಾಕ್ಷಿ ಸುಳ್ಳಾಡುವುದೂ ಉಂಟು. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಅನೇಕ ಸುಣ್ಣಶಿಲೆಗಳು ತಮ್ಮ ಹುಟ್ಟಿನ ನೆನಪನ್ನು ಕಳೆದುಕೊಂಡು, ಕೋಟ್ಯಂತರ ವರ್ಷಗಳ ತರುವಾಯ ಹೊಸದೊಂದನ್ನು ಪಡೆದಿವೆ. ಮಡಿಚಿದ ಪದರಗಳನ್ನು ಲೆಕ್ಕದಲ್ಲಿ ಬಿಡಿಸಿ ನೋಡಿದಾಗ ದಿಕ್ಕುಗಳೆಲ್ಲ ಒಂದಾದರೆ ನೆನಪು ಮಡಿಕೆಗಿಂತ ಹಳೆಯದು. ಜಾನ್ ಗ್ರಹಾಂ 1949ರಲ್ಲಿ ವಿಧಿಸಿದ ಪಾಟೀಸವಾಲು ಇದು.

ಗುಬ್ಬಿಯೊದ ಶಿಲೆಗಳ ನಡುವೆ 1 ಸೆಂಟಿಮೀಟರಿನಷ್ಟು ಜೇಡಿಯ ಪದರವೊಂದುಂಟು. ಅದರಲ್ಲಿ ಇರಿಡಿಯಂ ಲೋಹವು ಅತಿಯಾಗಿರುವುದನ್ನು ವಾಲ್ಟರನೂ ಅವನ ತಂದೆ ಲೂಯಿಸನೂ ಸಂಗಡಿಗರೊಡನೆ 1980ರಲ್ಲಿ ಪ್ರಕಟಿಸಿ, ಆಕಾಶದಿಂದ ಬಿದ್ದ ಬಂಡೆಯಿಂದಲೇ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮಹಾಪ್ರಾಣಿಗಳು ಅಳಿದುವೆಂದರು. ಆ ಜೇಡಿ ಬಿದ್ದುದು ಒಂದು ದಕ್ಷಿಣಮುಖ ಕಾಲದಲ್ಲಿ. ನಮ್ಮ ಬೆಳಗಾವಿ, ವಿಜಯಪುರಗಳ ಕರಿಕಲ್ಲನ್ನೂ ಒಳಗೊಂಡ ದಖ್ಖನ್ ಲಾವಾದ ಬಹುಭಾಗವು ಹರಿದುದೂ ಅದೇ ಕಾಲದಲ್ಲಿಯೇ. ಆ ಕಾಲದ ಉದ್ದವೋ ಆರೇಳು ಲಕ್ಷ ವರ್ಷ. ಅದರೊಳಗೆ ಯಾವುದು ಮೊದಲೆಂದು ಅಯಸ್ಕಾಂತವು ಹೇಳಲಾರದು. 2019ರಲ್ಲಿ ಎರಡು ತಂಡಗಳು ಬೇರೆ ವಿಧಾನಗಳಿಂದ ಲಾವಾದ ವಯಸ್ಸನ್ನೆಣಿಸಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದುವು. ದೊಡ್ಡದೊಂದು ಉಕ್ಕು ಅಳಿವಿಗೆ ತುಸು ಮೊದಲೇ ಬಂದಿತೆಂದು ಒಂದು ತಂಡ. ಲಾವಾದ ಹೆಚ್ಚುಭಾಗ ಅಳಿವಿನ ತರುವಾಯವೇ ಹರಿಯಿತೆಂದು ಇನ್ನೊಂದು.