ಲೆಕ್ಕದ ಭಯ ಎಲ್ಲಿಂದ ಬಂತು?

ಶಿಕ್ಷಕ ತರಬೇತಿಗೆ ಸೇರುವ ನಮ್ಮ ಗಡಿಭಾಗದ ಹುಡುಗ ಹುಡುಗಿಯರಲ್ಲಿ ಕೆಲವರು ಒಂದು ಅಳುಕನ್ನು ಜೊತೆಗೇ ತರುತ್ತಾರೆ. ಚೆನ್ನಾಗಿ ಕಥೆ ಹೇಳುತ್ತಾರೆ, ಹಾಡುತ್ತಾರೆ. ಭಿನ್ನರಾಶಿಯ ಪಾಠ ಮಾಡಿ ಎಂದರೆ ಮಾತ್ರ ಗಂಟಲು ಒಣಗುತ್ತದೆ. ನಾಳೆ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗೆ ಹೋದಾಗ ಲೆಕ್ಕವನ್ನು ಬಿಟ್ಟು ಪಾಠ ಮಾಡಲು ಆಗುತ್ತದೆಯೇ? ಹಾಗಾಗಿ ಈ ಭಯದ ಹಿಂದಿನ ಚರಿತ್ರೆಯನ್ನು ನಾವು ಸ್ವಲ್ಪ ತಿಳಿದುಕೊಳ್ಳಬೇಕು.

ಕನ್ನಡಕ್ಕೆ ಲೆಕ್ಕ ಹೊಸದಲ್ಲ. 12ನೇ ಶತಮಾನದಲ್ಲೇ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿ ಬರೆದ. ಇನ್ನು ಶಾಲೆಗಳಲ್ಲಿ ಲೆಕ್ಕ ಹೇಗೆ ಕಲಿಸುತ್ತಿದ್ದರು ಎನ್ನುವುದಕ್ಕೆ ಒಳ್ಳೆಯ ದಾಖಲೆ ಸಿಗುವುದು 1823ರಲ್ಲಿ. ಆಗ ಮದ್ರಾಸಿನ ಗವರ್ನರ್ ಆಗಿದ್ದವರು ಥಾಮಸ್ ಮನ್ರೋ. 1792ರಿಂದ 1799ರವರೆಗೆ ನಮ್ಮ ಬಾರಾಮಹಲ್ ಸೀಮೆಯಲ್ಲಿ ಕಂದಾಯದ ಕೆಲಸ ಮಾಡಿದ್ದ ಅದೇ ಮನ್ರೋ. 1822ರಲ್ಲಿ ಅವರು ಪ್ರತಿ ಜಿಲ್ಲೆಯ ಊರ ಶಾಲೆಗಳ ವಿವರ ಕಳಿಸುವಂತೆ ಕಲೆಕ್ಟರುಗಳಿಗೆ ಆದೇಶಿಸಿದರು.

ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳಿಸಿದ ವರದಿ ವಿವರವಾಗಿದೆ. ಆ ಜಿಲ್ಲೆಯಲ್ಲಿ 533 ಶಾಲೆಗಳು, ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಮುಂದಿರುವ ದೊಡ್ಡ ಹುಡುಗ ಹೇಳಿದಂತೆ ಮಗ್ಗಿ, ಅಳತೆ, ತೂಕಗಳನ್ನು ಒಪ್ಪಿಸುತ್ತಿದ್ದರು. ಭಿನ್ನರಾಶಿಗೆ ವಿಶೇಷ ಶ್ರಮ ಪಡುತ್ತಿದ್ದರಂತೆ. ಅದು ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಇಳಿಯುತ್ತಿತ್ತು. ಒಂದರ ಕಾಲುಭಾಗ ಕಾಲು (1/4), ಕಾಲಿನ ಕಾಲುಭಾಗ ವೀಸ (1/16), ವೀಸದ ಕಾಲುಭಾಗ ಕಾಲುವೀಸ (1/64).

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಬೆಳಿಗ್ಗೆ ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಮೆಲ್ಲನೆಯ ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಹಿಂದೆ ಬಂದವರಿಗೆಲ್ಲ ಒಂದೊಂದು ಪೆಟ್ಟು ಜಾಸ್ತಿ! ಎಣಿಕೆ ಮತ್ತು ಏಟು ಒಟ್ಟಿಗೇ ಬಂದರೆ ಮಗು ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೆ "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎನ್ನುವ ಮಾತೂ ಒಂದು ಏಟೇ.

ನಮ್ಮ ತರಬೇತಿ ಶಿಕ್ಷಕರಿಗೆ ಇನ್ನೊಂದು ತೊಡಕೆಂದರೆ ಲೆಕ್ಕದ ಪದಗಳು ಎರಡು ಭಾಷೆಯಲ್ಲಿ ಎದುರಾಗುವುದು. ಗಾಬರಿ ಬೇಡ, ಅವು ಅಷ್ಟು ದೂರದವಲ್ಲ. ನಮ್ಮ ಕೂಡುವುದು ತಮಿಳಿನ ಕೂಟ್ಟಲ್. ನಮ್ಮ ಕಳೆಯುವುದು ಅವರ ಕಳಿತ್ತಲ್. ನಮ್ಮ ಭಿನ್ನ ಅವರ ಪಿನ್ನಂ. ತಮಿಳಿನ ತಿಣ್ಣೈ ಶಾಲೆಗಳಲ್ಲಿ ಓದಿಸುತ್ತಿದ್ದ 'ಎಣ್‌ಸುವಡಿ'ಯಲ್ಲೂ ಕಾಲ್, ಅರೈ, ಮುಕ್ಕಾಲ್, ವೀಸಂ ಇವೆ. ರೂಪಾಯಿಗೆ 16 ಆಣೆ ಇದ್ದಾಗ ಒಂದು ಆಣೆ ಎಂದರೆ ರೂಪಾಯಿಯ ವೀಸ. 1957ರ ಏಪ್ರಿಲ್ 1ರಂದು 100 ಪೈಸೆಯ ಪದ್ಧತಿ ಬಂದ ಮೇಲೆ ಈ ಬಾಯಿಲೆಕ್ಕದ ಬಳಕೆ ಕಡಿಮೆಯಾಯಿತು.

ಅದನ್ನು ಈಗಲೂ ಉಪಯೋಗಿಸಬಹುದು. ಒಂದು ಕಾಗದವನ್ನು ನಾಲ್ಕು ಸಲ ಮಡಚಿ ಬಿಚ್ಚಿ. ಒಂದು ಮಡಿಕೆಗೆ ಅರೆ, ಎರಡಕ್ಕೆ ಕಾಲು, ಮೂರಕ್ಕೆ ಅರೆಕಾಲು, ನಾಲ್ಕಕ್ಕೆ ವೀಸ. ಗುಣಿಸಿದರೆ ಸಂಖ್ಯೆ ದೊಡ್ಡದಾಗಬೇಕಲ್ಲ, 1/4 × 1/4 ಮಾಡಿದರೆ 1/16 ಆಗಿ ಚಿಕ್ಕದಾಗುವುದೇಕೆ? ಕಾಲಿನ ಕಾಲು ವೀಸ ಎಂದು ಕಾಗದವೇ ತೋರಿಸುತ್ತದೆ. ಸೂತ್ರ ಆಮೇಲೆ ಬರಲಿ.

ಇದರಲ್ಲಿ ಮಕ್ಕಳ ಪ್ರಶ್ನೆಯೂ ಇದೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಮತ್ತು ಎರಡನೇ ತರಗತಿಯ 17 ಶಿಕ್ಷಕಿಯರನ್ನೂ ಅವರ 117 ಮಕ್ಕಳನ್ನೂ ಗಮನಿಸಿದರು. ವರ್ಷದ ಕೊನೆಗೆ, ಟೀಚರಿಗೆ ಲೆಕ್ಕದ ಭಯ ಹೆಚ್ಚಿದ್ದಷ್ಟೂ "ಲೆಕ್ಕ ಹುಡುಗರದ್ದು" ಎಂದು ನಂಬುವ ಹುಡುಗಿಯರು ಹೆಚ್ಚಿದ್ದರು. ಹಾಗೆ ನಂಬಿದ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರು. ವರ್ಷದ ಆರಂಭದಲ್ಲಿ ಇಂಥ ಸಂಬಂಧ ಕಂಡಿರಲಿಲ್ಲ.

ಭಯ ಹೋಗುವ ದಾರಿಯೂ ಹಳೆಯ ಶಾಲೆಯಲ್ಲೇ ಇದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಕ್ರಮ ಕ್ಯಾಂಪ್‌ಬೆಲ್ ಅವರಿಗೆ ಬಹಳ ಹಿಡಿಸಿತ್ತು. ಮದ್ರಾಸಿನ ಅನಾಥಾಲಯದ ಶಾಲೆಯಲ್ಲಿ ಇಂಥದೇ ಕ್ರಮ ನಡೆಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದು ಇಂಗ್ಲೆಂಡಿನಲ್ಲಿ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಭಾವೀ ಶಿಕ್ಷಕ ಮಿತ್ರರೇ, ನಿಮಗೆ ಅಳುಕಿರುವ ಪಾಠವನ್ನು ಮೊದಲು ಮೂರನೇ ತರಗತಿಯ ಒಂದು ಮಗುವಿಗೆ ಹೇಳಿಕೊಡಿ. ಮಗು "ಯಾಕೆ ಟೀಚರ್?" ಎಂದು ಕೇಳಿದ ಕಡೆ ನಿಲ್ಲಿ. ಸಿಕ್ಕು ಅಲ್ಲೇ ಇರುತ್ತದೆ, ಇಬ್ಬರೂ ಕೂಡಿ ಬಿಡಿಸಿ.

ಹಳೆಯ ಶಾಲೆಯ ಬೆತ್ತವನ್ನು ಬಿಡೋಣ, ವೀಸವನ್ನು ಉಳಿಸಿಕೊಳ್ಳೋಣ.