ಅಂತರ್ಜಲದಲ್ಲಿ ಮಿಥೇನ್ ತಿಂದು ಬದುಕುವ ಸೂಕ್ಷ್ಮಜೀವಿಗಳು

ಯಲ್ಲಾಪುರ: ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ಮನೆಗಳಿಗೆ ಮಿಥೇನ್ ಅಪರಿಚಿತವಲ್ಲ. ಕೊಟ್ಟಿಗೆಯ ಸೆಗಣಿಯಿಂದ ಒಲೆ ಉರಿಸುವ ಗೋಬರ್ ಗ್ಯಾಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಈ ಅನಿಲವೇ ಆಗಿದೆ. ಗಾಳಿಯಾಡದ ತೊಟ್ಟಿಯಲ್ಲಿ ನಡೆಯುವ ಇದೇ ಕ್ರಿಯೆ ಭತ್ತದ ಗದ್ದೆಯ ಕೆಸರಿನಲ್ಲಿ, ಸಿದ್ದಾಪುರದ ಕತ್ತಲೆಕಾನಿನಂತಹ ರಾಮಪತ್ರೆ ಜಡ್ಡಿಗಳಲ್ಲಿ, ಜಲಾಶಯಗಳ ತಳದ ಹೂಳಿನಲ್ಲಿಯೂ ನಡೆಯುತ್ತದೆ. ಕೊಳೆತ ಎಲೆ, ಬೇರುಗಳ ಅಂಶ ನೀರಿನೊಡನೆ ಇಂಗಿ ಹೋದಲ್ಲಿ ಭೂಮಿಯ ಒಳಗೂ ಮಿಥೇನ್ ಹುಟ್ಟಬಲ್ಲದು.

ಹುಟ್ಟಿದ್ದೆಲ್ಲವೂ ಮೇಲೆ ಬರುವುದಿಲ್ಲ. ಅದನ್ನೇ ಆಹಾರವಾಗಿಸಿಕೊಂಡ ಜೀವಿಗಳು ದಾರಿಯಲ್ಲಿಯೇ ಕಾದಿರುತ್ತವೆ. ಇಂತಹ ಮೊದಲ ಬ್ಯಾಕ್ಟೀರಿಯಾವನ್ನು 1906ರಲ್ಲಿ ಡಚ್ ವಿಜ್ಞಾನಿ ಸೋನ್ಗೆನ್ ಗುರುತಿಸಿದರು. ಇವು ವಿಶೇಷ ಕಿಣ್ವವೊಂದರ ನೆರವಿನಿಂದ ಮಿಥೇನನ್ನು ಮೊದಲು ಮೆಥನಾಲ್, ಬಳಿಕ ಫಾರ್ಮಾಲ್ಡಿಹೈಡ್ ಆಗಿಸಿ, ಒಂದಿಷ್ಟನ್ನು ಮೈ ಬೆಳೆಸಲು ಬಳಸುತ್ತವೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಈ ಊಟಕ್ಕೆ ಆಮ್ಲಜನಕ ಬೇಕು, ಅದೂ ಯಥೇಚ್ಛವಾಗಿ. ಒಂದು ಗ್ರಾಂ ಮಿಥೇನ್ ಪೂರ್ಣವಾಗಿ ಉತ್ಕರ್ಷಣೆಗೊಳ್ಳಲು ನಾಲ್ಕು ಗ್ರಾಂ ಆಮ್ಲಜನಕ ಬೇಕಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅಂದರೆ ಕೇವಲ 2 ಮಿಲಿಗ್ರಾಂ ಮಿಥೇನ್ ಅದನ್ನು ಬರಿದು ಮಾಡಲು ಸಾಕು.

ಆಮ್ಲಜನಕ ಮುಗಿದ ಮೇಲೂ ಕೆಲಸ ನಿಲ್ಲುವುದಿಲ್ಲ ಎಂಬುದು ಇತ್ತೀಚಿನ ದಶಕಗಳ ತಿಳಿವಳಿಕೆ. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಕಾಲುವೆಯ ಕೆಸರಿನಿಂದ ಬೆಳೆಸಿದ ಜೀವಿಸಮುದಾಯವು ಗಾಳಿಯಿಲ್ಲದೆ ಮಿಥೇನ್ ತಿನ್ನುತ್ತಿತ್ತು. ಅದರಲ್ಲಿದ್ದ ಬ್ಯಾಕ್ಟೀರಿಯಾ ನೈಟ್ರೈಟ್‌ನಿಂದ ತನಗೆ ಬೇಕಾದ ಆಮ್ಲಜನಕವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬ ಅಚ್ಚರಿ 2010ರಲ್ಲಿ ಬೆಳಕಿಗೆ ಬಂದಿತು. ಗೊಬ್ಬರದ ನೈಟ್ರೇಟ್ ಬಳಸುವ ಆರ್ಕಿಯಾ ಎಂಬ ಪುರಾತನ ವರ್ಗದ ಜೀವಿಗಳೂ ಇವೆ.

ಮಲೆನಾಡಿನ ಮಟ್ಟಿಗೆ ಕುತೂಹಲಕರವಾದುದು ಕಬ್ಬಿಣದ ದಾರಿ. ಅಮೆರಿಕದ ಮಿನೆಸೋಟಾ ರಾಜ್ಯದ ಬೆಮಿಜಿ ಬಳಿ 1979ರಲ್ಲಿ ಕಚ್ಚಾ ತೈಲ ಸೋರಿದ ಜಾಗದ ಅಂತರ್ಜಲದಲ್ಲಿ, ಕಬ್ಬಿಣದ ಆಕ್ಸೈಡ್ ನೆರವಿನಿಂದ ಮಿಥೇನ್ ಕರಗುತ್ತಿರುವುದಕ್ಕೆ 2012ರಲ್ಲಿ ಪುರಾವೆ ದೊರೆಯಿತು. ಯಲ್ಲಾಪುರದ ಜಂಬಿಟ್ಟಿಗೆ ನೆಲದ ಕೆಂಪು ಬಣ್ಣಕ್ಕೆ ಕಾರಣವೂ ಕಬ್ಬಿಣದ ಆಕ್ಸೈಡೇ. ಸೇದಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ಕಂದು ತಿರುಗಿದರೆ, ಅದರಲ್ಲಿ ಸಾಮಾನ್ಯವಾಗಿ ಗಾಳಿಯಿಲ್ಲದೆಡೆಯಲ್ಲಿ ಕರಗಿದ ಕಬ್ಬಿಣವಿರುತ್ತದೆ. ಹಾಗೆಂದು ಕಂದು ನೀರೆಲ್ಲ ಮಿಥೇನ್‌ನ ಗುರುತಲ್ಲ. ಬೇರೆ ಬ್ಯಾಕ್ಟೀರಿಯಾಗಳೂ ಇದೇ ಕೆಲಸ ಮಾಡುತ್ತವೆ.

ಬಾವಿಯ ಹೂಳು ತೆಗೆಯುವವರಿಗೆ ಇದು ಬರೀ ಪಾಠದ ವಿಷಯವಲ್ಲ. ಜೀವಿಗಳ ಕೈತಪ್ಪಿದ ಮಿಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಮಿಥೇನ್ ಹಾಗೂ ಇತರ ಕೊಳೆತ ವಸ್ತುಗಳಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ಬಾವಿಯ ತಳದಲ್ಲಿ ನಿಂತು ಉಸಿರುಗಟ್ಟಿಸುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಆಮ್ಲಜನಕದ ಕೊರತೆಯನ್ನು ಹೇಳೀತು, ಆದರೆ ಮಿಥೇನ್ ಇದ್ದಲ್ಲಿ ಆ ದೀಪವೇ ಅಪಾಯ. ಅನಿಲ ಮಾಪಕದಿಂದ ಪರೀಕ್ಷಿಸಿ, ಗಾಳಿ ಊದಿಸಿದ ಬಳಿಕವೇ ಇಳಿಯಬೇಕು. ಒಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಇನ್ನೊಬ್ಬರು ಇಳಿಯಕೂಡದು.

ನೀರಿನಲ್ಲಿ ಮಿಥೇನ್ ಭಕ್ಷಣೆ ನಡೆದಿದೆಯೇ ಎಂಬುದನ್ನು ವಿಜ್ಞಾನಿಗಳು ಉಳಿಕೆಯಿಂದ ಪತ್ತೆ ಹಚ್ಚುತ್ತಾರೆ. ಜೀವಿಗಳು ಹಗುರವಾದ ಇಂಗಾಲ-12ನ್ನು ಮೊದಲು ಆರಿಸಿ ತಿನ್ನುವುದರಿಂದ, ಉಳಿದ ಮಿಥೇನ್‌ನಲ್ಲಿ ಇಂಗಾಲ-13ರ ಪಾಲು ಏರುತ್ತದೆ. ಇಂತಹ ಜೀವಿಗಳ ಹುಡುಕಾಟ ನಮ್ಮ ದೇಶದಲ್ಲಿಯೂ ನಡೆದಿದ್ದು, ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರು ಭತ್ತದ ಗದ್ದೆಯಿಂದ ಬೇರ್ಪಡಿಸಿ ಬೆಳೆಸಿದ ಒಂದು ಬ್ಯಾಕ್ಟೀರಿಯಾ ಸೌತೆಕಾಯಿಯ ಆಕಾರದಲ್ಲಿದೆ. ಅದರ ಹೆಸರು ಮಿಥೈಲೋಕುಕುಮಿಸ್ ಒರೈಜೆ.