ಕಿವಿಗೆ ಕೇಳದ ಅಂಕಿಗಳು

ಹೋದ ತಿಂಗಳು ಬೋನಸ್ ಬಂದ ಖುಷಿಯಲ್ಲಿ ಒಂದು ಹಳೇ ಎಸ್‌ಎಸಿಡಿ ಪ್ಲೇಯರ್ ಕೊಂಡೆ. "ಸಿಡಿ ಎಲ್ಲಿ, ಇದೆಲ್ಲಿ!" ಅಂತ ರೂಮ್‌ಮೇಟ್ ಮುಂದೆ ಕೊಚ್ಚಿಕೊಂಡಿದ್ದೂ ಆಯ್ತು. ಅವನು ಸುಮ್ಮನಿರಬೇಕಲ್ಲ? ಹೈಬ್ರಿಡ್ ಡಿಸ್ಕಿನಲ್ಲಿ ಎಸ್‌ಎಸಿಡಿ ಪದರ, ಸಿಡಿ ಪದರ ಎರಡೂ ಇರುತ್ತವೆ. "ನಾನು ಬದಲಾಯಿಸ್ತೀನಿ, ನೀನು ಆ ಕಡೆ ತಿರುಗಿ ಕೂತು ಯಾವುದು ಅಂತ ಹೇಳು" ಅಂದ. 20 ಸಲಕ್ಕೆ 11 ಸರಿ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತೇನೋ! ಮರ್ಯಾದೆ ಹೋದ ಮೇಲೆ ಇತಿಹಾಸ ಕೆದಕಲು ಕೂತೆ.

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿಡಿ 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದರಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಆಗ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನಲ್ಲಿ ತುಂಬಿಡುತ್ತಿದ್ದರು, ಅದರ ಗೆರೆಗಳ ಲೆಕ್ಕಕ್ಕೆ ಹೊಂದಿದ ಸಂಖ್ಯೆ ಈ 44,100. ಹಾಗಂತ ಕಡಿಮೆಯೇನಲ್ಲ. ಪರೀಕ್ಷೆಗೆ ಉರುಹೊಡೆದು ಮರೆತ ನೈಕ್ವಿಸ್ಟ್ ನೆನಪಿದ್ದಾನಾ? ಯಾವುದೇ ಕಂಪನವನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸಲ ಅಳೆದರೆ ಸಾಕು. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಲೆಕ್ಕ ಸರಿಹೋಯ್ತು.

ಆದರೂ 1999ರಲ್ಲಿ ಅದೇ ಎರಡು ಕಂಪನಿಗಳು ಎಸ್‌ಎಸಿಡಿ ತಂದವು. ಇಲ್ಲಿ ಒಂದೇ ಬಿಟ್, ಆದರೆ ಸೆಕೆಂಡಿಗೆ 28,22,400 ಸಲ, ಅಂದ್ರೆ ಸಿಡಿಯ 64 ಪಟ್ಟು! 2000ದಲ್ಲಿ ಡಿವಿಡಿ-ಆಡಿಯೋ ಬಂತು: 24 ಬಿಟ್, 1,92,000 ಸಲದವರೆಗೆ. ಆದರೆ 1999ರಲ್ಲೇ ನ್ಯಾಪ್‌ಸ್ಟರ್, 2001ರಲ್ಲಿ ಐಪಾಡ್ ಬಂದವು. ಜನ ಎಂಪಿ3 ಹಿಂದೆ ಹೋದರು.

2007ರಲ್ಲಿ ಅಮೆರಿಕದ ಮೆಯರ್ ಮತ್ತು ಮೊರಾನ್ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಹೈ-ರೆಸಲ್ಯೂಶನ್ ಡಿಸ್ಕಿನ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿ ಮಟ್ಟಕ್ಕೆ ಇಳಿಸುವ ಯಂತ್ರದ ಮೂಲಕ ಕೇಳಿಸಿದರು. ಕೇಳುವವರಿಗೆ ಯಾವುದು ಯಾವುದೆಂದು ಗೊತ್ತಿಲ್ಲ. 554 ಪ್ರಯತ್ನಗಳಲ್ಲಿ 276 ಸರಿ, ಶೇ. 49.8. ನನಗಿಂತ ಕಡಿಮೆ ಸ್ವಾಮಿ!

ಕೆಲವು ಡಿಸ್ಕುಗಳ ಮೂಲ ರೆಕಾರ್ಡಿಂಗೇ ಆ ಮಟ್ಟದ್ದಲ್ಲ ಅಂತ ತಕರಾರು ಬಂತು, ನ್ಯಾಯವಾದದ್ದೇ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ 18 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಶೇ. 52.3. ತರಬೇತಿ ಪಡೆದ ಕಿವಿಗಳಿಗೆ ಗಣನೀಯವಾಗಿ ಹೆಚ್ಚು. ಅಂದ್ರೆ ವ್ಯತ್ಯಾಸ ಇದೆ, ಆದರೆ ಒಟ್ಟಾರೆ ಲೆಕ್ಕದಲ್ಲಿ ಕೂದಲೆಳೆಯಷ್ಟು.

ನನಗೆ ಹಿಡಿಸಿದ್ದು ಬೇರೆ ಮಾತು. ಆ ಡಿಸ್ಕುಗಳಲ್ಲಿ ಬಹುಪಾಲು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳುತ್ತವೆ ಅಂತ ಮೆಯರ್, ಮೊರಾನ್ ಅವರೇ ಒಪ್ಪಿದ್ದಾರೆ. ಕಾರಣ ಬಿಟ್‌ಗಳಲ್ಲ. ಸಿಡಿಯನ್ನು ಕಾರಿನಲ್ಲೂ ಗಟ್ಟಿಯಾಗಿ ಕೇಳಿಸಲಿ ಅಂತ ಹಿಂಡುತ್ತಿದ್ದ ಇಂಜಿನಿಯರುಗಳು, ರಸಿಕರಿಗಾಗಿ ಮಾಡುವ ಡಿಸ್ಕನ್ನು ಮಾತ್ರ ಅಕ್ಕರೆಯಿಂದ ತಯಾರಿಸಿದ್ದರು. ಅದೇ ಅಕ್ಕರೆ ತೋರಿಸಿದ್ದರೆ 16 ಬಿಟ್ ಸಾಕಿತ್ತು.

ಪ್ಲೇಯರ್ ಮಾರ್ತೀಯಾ ಅಂತ ರೂಮ್‌ಮೇಟ್ ಕೇಳ್ತಿದ್ದಾನೆ. ಇಲ್ಲಪ್ಪಾ. ಕೊಚ್ಚಿಕೊಳ್ಳೋದು ಮಾತ್ರ ನಿಲ್ಲಿಸಿದ್ದೀನಿ. ನೀವೂ ಒಮ್ಮೆ ಹಾಗೆ ತಿರುಗಿ ಕೂತು ಕೇಳಿ ನೋಡಿ, 20ಕ್ಕೆ ಎಷ್ಟು ಬಂತು ಅಂತ ತಿಳಿಸಿ :-)